ಪ್ರತಿ ಸಲ ಗಂಟಲಿಗೆ ಪೈಪ್ ಇಳಿಸ್ಲೇಬೇಕಾ?

ಮಾನ್ಯ ಸಂಪಾದಕರೇ,

ಇಯೊಸಿನೊಫಿಲ್ ಅನ್ನೋ ಬಿಳಿ ರಕ್ತಕಣ ಸೇರ್ಕೊಂಡು ಆಗೋ ಅನ್ನನಾಳದ ದೀರ್ಘಕಾಲದ ಉರಿಯೂತ, ಅದೇ ಇಯೊಸಿನೊಫಿಲಿಕ್ ಇಸೊಫಜೈಟಿಸ್, ಔಷಧಕ್ಕೆ ಬಗ್ಗಿದ್ಯಾ ಇಲ್ವಾ ಅಂತ ನೋಡೋಕೆ ಈಗ್ಲೂ ಎಂಡೋಸ್ಕೋಪಿ ಮಾಡಿ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸ್ಬೇಕು. ಮಕ್ಕಳಿಗಾದ್ರೆ ಅನಸ್ತೇಶಿಯಾ ಬೇರೆ, ಹೊಸನಗರ ಕಡೆಯೋರು ಜಡಿಮಳೇಲಿ ಖಾಲಿ ಹೊಟ್ಟೆ ಮಗೂನ ಎತ್ಕೊಂಡು ಶಿವಮೊಗ್ಗ ಬಸ್ ಹತ್ತೋ ಪಾಡು ಯಾರಿಗೂ ಬೇಡ. ಅಮೆರಿಕದಲ್ಲಿ ಹೆಪಾರಿನ್‌ಗೆ (ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಔಷಧ) ಸ್ಕ್ಯಾನ್‌ಗೆ ಕಾಣೋ ಟೆಕ್ನೀಶಿಯಂ ಅನ್ನೋ ವಿಕಿರಣಶೀಲ ವಸ್ತು ಸೇರಿಸಿ ಸ್ಕ್ಯಾನ್‌ನಲ್ಲೇ ಉರಿಯೂತ ಗುರುತಿಸೋ ಪ್ರಯತ್ನ ನಡೆದಿದೆ, ಇಯೊಸಿನೊಫಿಲ್ ಬಿಡೋ ಪ್ರೋಟೀನ್‌ಗೆ ಹೆಪಾರಿನ್ ಅಂಟ್ಕೊಳ್ಳುತ್ತೆ ನೋಡಿ, ಆದ್ರೆ ಅದಿನ್ನೂ ರಿಸರ್ಚೇ. ಅಲ್ಲೀವರೆಗೆ ನಾಳ ಕಿರಿದಾಗಿದ್ರೆ ತೋರ್ಸೋ, ಬೇರಿಯಂ ದ್ರವ ಕುಡಿಸಿ ತೆಗೆಯೋ ಎಕ್ಸ್‌ರೇ ಆದ್ರೂ (ಬಯಾಪ್ಸಿ ಬದಲಿಗಲ್ಲ, ಜೊತೆಗೆ) ತೀರ್ಥಹಳ್ಳಿ, ಸಾಗರದ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಸಿಗೋ ಹಾಗೆ ಆರೋಗ್ಯ ಇಲಾಖೆ ಮಾಡ್ಲಿ.

– ಒಬ್ಬ ಓದುಗ, ಹೊಸನಗರ