ಗುರುವಾರದ ವಿಭಾಗ ಸಭೆ: ಎಲ್ಲರೂ ಬನ್ನಿ

ಎಲ್ಲರಿಗೂ ನಮಸ್ಕಾರ. ಗುರುವಾರ ಮಧ್ಯಾಹ್ನ 3 ಗಂಟೆಗೆ ವಿಭಾಗದ ಸಭೆ ಇದೆ. ಹೊಸ ಪಠ್ಯಕ್ರಮದ ಕರಡು ಚರ್ಚೆಗೆ ಬರುತ್ತದೆ. ಅಧ್ಯಾಪಕರು, ತರಗತಿ ಪ್ರತಿನಿಧಿಗಳು ಎಲ್ಲರೂ ಬರಬೇಕು.

ಸುಮ್ನೆ ಇನ್ನೊಂದು ಸಭೆ ಅಂದುಕೊಳ್ಳಬೇಡಿ. ಕರಡು ಇಲ್ಲಿಂದ ಪಠ್ಯಕ್ರಮ ಪರಿಶೀಲಿಸುವ ಅಧ್ಯಯನ ಮಂಡಳಿಗೆ, ಅಲ್ಲಿಂದ ಒಪ್ಪಿಗೆ ಕೊಡುವ ಅಕಾಡೆಮಿಕ್ ಕೌನ್ಸಿಲ್‌ಗೆ ಹೋಗುತ್ತದೆ. ಮೇಲೆ ಹೋದಷ್ಟೂ ತಿದ್ದುವುದು ಕಷ್ಟ. ಕೌನ್ಸಿಲ್‌ನಲ್ಲಿ ಒಂದೇ ದಿನ ಹತ್ತಾರು ವಿಷಯ ಇರುತ್ತವೆ, ಒಂದೊಂದು ಪಾಠವನ್ನೂ ಬಿಡಿಸಿ ನೋಡಲು ಸಮಯ ಸಿಗುವುದಿಲ್ಲ. ಪಾಠ ಮಾಡುವವರ, ಕಲಿಯುವವರ ಮಾತಿಗೆ ಜಾಸ್ತಿ ಬೆಲೆ ಇರುವುದು ಈ ಹಂತದಲ್ಲೇ, ಅಲ್ವಾ?

ಕರಡು ಓದಿ, ನಿಮ್ಮ ತಿದ್ದುಪಡಿಗಳನ್ನು ಬುಧವಾರ ಸಂಜೆಯೊಳಗೆ ಬರೆದು ಕಳಿಸಿ. ಬರೀ ಬಾಯಲ್ಲಿ ಹೇಳಿದ್ದು ನಡಾವಳಿಯಲ್ಲಿ ಬಿಟ್ಟುಹೋಗಬಹುದು. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಆಗದಿದ್ದರೆ ಸಭೆ ಮುಂದೂಡಬೇಕಾಗುತ್ತದೆ. ಬರುವವರು, ಬರಲಾಗದವರು ಇಬ್ಬರೂ ಇವತ್ತೇ ಇಲ್ಲಿ ತಿಳಿಸಿ.