ರಾತ್ರಿಯ ಬೆವರಿಗೆಲ್ಲ ‘ಉಷ್ಣ’ವೇ ಕಾರಣವಲ್ಲ

ಮಾನ್ಯ ಸಂಪಾದಕರೇ,

ನಮ್ಮ ಗದಗ-ಬೆಟಗೇರಿಯಲ್ಲಿ ಯಾರಾದರೂ ರಾತ್ರಿ ಮಲಗಿದಾಗ ಮೈಯೆಲ್ಲ ಬೆವರುತ್ತದೆ ಎಂದರೆ, ಕೇಳಿದವರ ಬಾಯಿಂದ ಬರುವ ಮೊದಲ ಮಾತು ‘ಉಷ್ಣ ಆಗೈತಿ, ಮಜ್ಜಿಗಿ ಕುಡೀರಿ’ ಎಂಬುದೇ ಆಗಿರುತ್ತದೆ. ಏಪ್ರಿಲ್-ಮೇ ತಿಂಗಳ ಧಗೆಯಲ್ಲಿ, ಕರೆಂಟ್ ಹೋಗಿ ಫ್ಯಾನ್ ನಿಂತ ತಗಡಿನ ಮನೆಯಲ್ಲಿ, ರೆಕ್ಸಿನ್ ಹೊದಿಕೆಯ ಫೋಮ್ ಗಾದಿಯ ಮೇಲೆ ಮಲಗಿದವರ ಮಟ್ಟಿಗೆ ಈ ಮಾತು ಸುಳ್ಳಲ್ಲ. ಆದರೆ ಜಿಟಿಜಿಟಿ ಮಳೆ ಹಿಡಿದ ರಾತ್ರಿ ಕೌದಿ ಹೊದ್ದು ಮಲಗಿದವರ ಬನಿಯನ್ ಹಿಂಡುವಷ್ಟು ತೊಯ್ದಾಗಲೂ ಅದೇ ಮಾತು ಕೇಳಿಬರುತ್ತದೆ. ಅದನ್ನು ನಂಬಿ ಕೂತವರಲ್ಲಿ ನಾನೂ ಒಬ್ಬ.

ಸಕ್ಕರೆ ಕಾಯಿಲೆಗಾಗಿ ನಾನು ಹಲವು ವರ್ಷಗಳಿಂದ ಗ್ಲಿಮೆಪಿರೈಡ್ ಗುಳಿಗೆ ನುಂಗುತ್ತಿದ್ದೇನೆ. ಕಳೆದ ಶ್ರಾವಣದ ಸೋಮವಾರಗಳಂದು ಒಪ್ಪತ್ತು ಮಾಡಿ, ರಾತ್ರಿ ಎರಡು ಬಾಳೆಹಣ್ಣಿನಲ್ಲೇ ಮುಗಿಸುತ್ತಿದ್ದೆನಾದರೂ ರಾತ್ರಿಯ ಗುಳಿಗೆಯನ್ನು ಮಾತ್ರ ತಪ್ಪದೆ ತೆಗೆದುಕೊಳ್ಳುತ್ತಿದ್ದೆ. ನಸುಕಿನ ಮೂರರ ಹೊತ್ತಿಗೆ ಎದೆ ಹೊಡೆದುಕೊಂಡು ಎಚ್ಚರವಾಗುತ್ತಿತ್ತು. ದಿಂಬು ಕೂಡ ಹಸಿಯಾಗಿರುತ್ತಿತ್ತು. ನಾನು ಮಜ್ಜಿಗೆ ಕುಡಿದು ಸುಮ್ಮನಾಗಿದ್ದೆ. ಮೂರನೆಯ ಸೋಮವಾರ ನನ್ನ ಪತ್ನಿ ಕೇಳಿದಳು: ‘ಉಷ್ಣಕ್ಕ ಸೋಮವಾರ ಅಂತ ಹೆಂಗ ಗೊತ್ತಾಗತೈತ್ರಿ?’ ಆಗಲೇ ಮಗಳ ಒತ್ತಾಯಕ್ಕೆ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಪ್ರಮಾಣ 58 ಇತ್ತು. 70ಕ್ಕಿಂತ ಇಳಿದರೆ ಅದು ಕಡಿಮೆ ಎಂದೇ ಲೆಕ್ಕ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ಮೇಲೆ ಮತ್ತೆ ನೋಡಿದಾಗ ಅಂಕಿ ಏರಿತ್ತು.

ಸಕ್ಕರೆ ಅಂಶ ಇಳಿದಾಗ ದೇಹವು ಅಡ್ರಿನಲಿನ್ ಎಂಬ ಹಾರ್ಮೋನು ಹರಿಸಿ ಎಚ್ಚರಿಕೆ ಕೊಡುತ್ತದೆ. ಎದೆಬಡಿತ, ಕೈನಡುಕ ಅದರಿಂದ ಬರುತ್ತವೆ; ಬೆವರು ಅದೇ ಎಚ್ಚರಿಕೆಯ ಭಾಗವಾಗಿ ನರಗಳ ಮೂಲಕ ಬರುತ್ತದೆ. ಬಿ.ಪಿ. ಅಥವಾ ಹೃದಯದ ತೊಂದರೆಗಾಗಿ ಬೀಟಾ ಬ್ಲಾಕರ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ನಡುಕವೂ ಎದೆಬಡಿತವೂ ಮರೆಯಾಗಿ ಬೆವರು ಮಾತ್ರ ಕಾಣಿಸಿಕೊಳ್ಳಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಉಪವಾಸದ ದಿನ ಗುಳಿಗೆಯನ್ನು ಏನು ಮಾಡಬೇಕೆಂದು ವೈದ್ಯರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತಪ್ಪು ಇಬ್ಬರದೂ ಎಂದೇ ನನ್ನ ಭಾವನೆ.

ನನ್ನದು ಬೇಗ ಬಗೆಹರಿಯಿತು. ತಿಂಗಳುಗಟ್ಟಲೆ ಉಷ್ಣವೆಂದುಕೊಂಡಿದ್ದು ಕೊನೆಗೆ ಕ್ಷಯವೆಂದು ತಿಳಿದ ನೇಕಾರರೊಬ್ಬರು ನಮ್ಮ ಓಣಿಯಲ್ಲೇ ಇದ್ದಾರೆ. ಈ ರೋಗದಲ್ಲಿ ಸಂಜೆಗೆ ಸಣ್ಣ ಜ್ವರ ಏರುತ್ತದೆ, ರಾತ್ರಿ ಅದು ಇಳಿಯುವಾಗ ದೇಹ ತನ್ನ ಕಾವನ್ನು ಬೆವರಿನ ಮೂಲಕ ಹೊರಹಾಕುತ್ತದೆ; ಬೆಳಿಗ್ಗೆ ಹಣೆ ಮುಟ್ಟಿ ನೋಡಿದವರಿಗೆ ಜ್ವರವೇ ಸಿಗುವುದಿಲ್ಲ. ಎರಡು ವಾರ ದಾಟಿದ ಕೆಮ್ಮು, ಸಡಿಲವಾಗುತ್ತಿರುವ ಅಂಗಿ, ಊಟ ಸೇರದಿರುವುದು ಇವುಗಳ ಜೊತೆಗೆ ರಾತ್ರಿಯ ಬೆವರೂ ಸೇರಿದರೆ ಕಫ ಪರೀಕ್ಷೆಗೆ ತಡ ಮಾಡಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ, ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕು. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿಯಾಗಿದೆ. ಇಷ್ಟಿದ್ದರೂ ‘ಮನೆತನದ ಹೆಸರು ಕೆಡುತ್ತದೆ’ ಎಂದು ಬಚ್ಚಿಡುವವರಿಗೆ ಏನು ಹೇಳುವುದೋ ತಿಳಿಯದು.

ಹಾವೇರಿ, ಗದಗ ಜಿಲ್ಲೆಗಳ ಕುರಿಗಾಹಿಗಳು ಮತ್ತು ಹೈನು ಸಾಕುವವರ ಬಗ್ಗೆ ಒಂದು ಮಾತು ಸೇರಿಸಬೇಕು. ಕಂದು ಹಾಕಿದ ದನ, ಕುರಿಗಳ ಮಾಸನ್ನು ಬರಿಗೈಯಲ್ಲಿ ಮುಟ್ಟುವುದರಿಂದ ಮತ್ತು ಕಾಯಿಸದ ಹಾಲು ಕುಡಿಯುವುದರಿಂದ ಬ್ರುಸೆಲ್ಲೋಸಿಸ್ ಎಂಬ ಸೋಂಕು ಮನುಷ್ಯರಿಗೂ ತಗಲುತ್ತದೆ. ಬಂದು ಹೋಗುವ ಜ್ವರ, ಕೀಲುನೋವು, ವಿಪರೀತ ಬೆವರು ಅದರ ಲಕ್ಷಣಗಳು. ಇಂಥ ಕಸುಬಿನವರು ವೈದ್ಯರ ಮುಂದೆ ತಮ್ಮ ಕಸುಬನ್ನೂ ಹೇಳಬೇಕು.

ಮುಟ್ಟು ನಿಲ್ಲುವ ವಯಸ್ಸಿನ ಹೆಣ್ಣುಮಕ್ಕಳ ಕಷ್ಟ ಬೇರೆಯೇ ತೆರನಾದದ್ದು. ಎದೆಯಿಂದ ಕುತ್ತಿಗೆ, ಮುಖದವರೆಗೆ ಬಿಸಿ ಏರಿ, ಕೆಲವೇ ನಿಮಿಷಗಳಲ್ಲಿ ಮೈ ತೊಯ್ದು, ಆಮೇಲೆ ಚಳಿ ಹಿಡಿಯುತ್ತದೆ. ಅದು ರೋಗವಲ್ಲ, ಆದರೆ ನಿದ್ದೆ ಕೆಡುವಷ್ಟಾದರೆ ಅದಕ್ಕೂ ಚಿಕಿತ್ಸೆ ಇದೆ. ಮನೆಯವರನ್ನು ಎಬ್ಬಿಸಬಾರದೆಂದು ಪಡಸಾಲೆಗೆ ಬಂದು ಒಬ್ಬರೇ ಕೂರುವ ತಾಯಂದಿರು ಎಷ್ಟಿದ್ದಾರೋ.

ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು, ಗೊರಕೆಯ ನಡುವೆ ಉಸಿರು ಕಟ್ಟುವುದು, ಖಿನ್ನತೆಯ ಕೆಲವು ಗುಳಿಗೆಗಳು, ಕುಡಿತವನ್ನು ಒಮ್ಮೆಲೇ ಬಿಡುವುದು ಇವೂ ಬೆವರಿಗೆ ಕಾರಣವಾಗುತ್ತವೆ. ಅಪರೂಪಕ್ಕೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್ (ಲಿಂಫೋಮಾ) ಕೂಡ ಹೀಗೆ ತೋರಿಕೊಳ್ಳುತ್ತದೆ; ಕುತ್ತಿಗೆ, ಕಂಕುಳಲ್ಲಿ ನೋವಿಲ್ಲದ ಗಂಟು ಇದ್ದು ತೂಕವೂ ಇಳಿಯುತ್ತಿದ್ದರೆ ಕಾಯುವಂತಿಲ್ಲ. ‘ನಮ್ಮ ಮನೆತನದಾಗ ಬೆವರು ಜಾಸ್ತಿ’ ಎಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಹುಟ್ಟಾ ಅಂಗೈ, ಅಂಗಾಲು ಬೆವರುವವರಿಗೂ ನಿದ್ದೆಯಲ್ಲಿ ಆ ಬೆವರು ಸಾಮಾನ್ಯವಾಗಿ ನಿಂತಿರುತ್ತದೆ.

ಬೆವರಿದ ರಾತ್ರಿ ಏನು ಉಂಡಿದ್ದೆವು, ಯಾವ ಗುಳಿಗೆ ನುಂಗಿದ್ದೆವು, ಜ್ವರ ಎಷ್ಟಿತ್ತು ಎಂದು ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಗುರುತು ಹಾಕಿಟ್ಟರೆ ವೈದ್ಯರ ಅರ್ಧ ಕೆಲಸ ಮುಗಿದಂತೆ. ನಮ್ಮ ಮನೆಯಲ್ಲಿ ಆ ಗುರುತು ಪತ್ನಿಯ ತಲೆಯಲ್ಲಿತ್ತು. ಮುಂದಿನ ಶ್ರಾವಣ ಹಿಡಿಯುವ ಮೊದಲೇ, ಒಪ್ಪತ್ತು ಮಾಡುವ ಸಕ್ಕರೆ ಕಾಯಿಲೆಯವರು ಗುಳಿಗೆ, ಇನ್ಸುಲಿನ್ ಪ್ರಮಾಣವನ್ನು ಹೇಗೆ ಹೊಂದಿಸಿಕೊಳ್ಳಬೇಕೆಂಬ ಬಗ್ಗೆ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಇಲ್ಲಿಯ ವೈದ್ಯರಿಂದಲೇ ಒಂದು ಲೇಖನ ಬರೆಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಬೆಟಗೇರಿ