ಸಂತೆ ಸುಂಕ ಎಷ್ಟು ಅಂತ ಸಂತೆಯಲ್ಲೇ ಬರೆಸಿ: ಪುರಸಭೆ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಅಧ್ಯಕ್ಷರೇ, ನಮಸ್ಕಾರ.

ಊರಲ್ಲಿ ಎಲ್ಲರೂ ನಿಮ್ಮನ್ನು ಅಕ್ಕ ಅಂತಲೇ ಕರೆಯುವುದು, ನಾನೂ ಹಾಗೇ. ಆದರೆ ಈ ಪತ್ರ ನೀವು ಕೂತಿರುವ ಜಾಗಕ್ಕೆ ಬರೆದದ್ದು, ಹಾಗಾಗಿ ಇಲ್ಲಿ ಅಧ್ಯಕ್ಷರೇ ಅಂತಲೇ ಬರೆಯುತ್ತೇನೆ. ಊರ ಹೆಸರು ಹಾಕಿಲ್ಲ, ನಿಮ್ಮ ಹೆಸರೂ ಇಲ್ಲ. ಮಂಡ್ಯ ಜಿಲ್ಲೆಯ ಒಂದು ಪುರಸಭೆ ಅಂದರೆ ಸಾಕು. ಯಾರ ಮಾನ ಕಳೆಯುವುದೂ ನನಗೆ ಬೇಕಿಲ್ಲ, ಒಂದು ಕೆಲಸ ಆಗಬೇಕು ಅಷ್ಟೇ.

ಕೆಲಸ ಇಷ್ಟು. ಪುರಸಭೆ ಸಭೆಗೆ ಯಾವ ಯಾವ ವಿಷಯ ಬರುತ್ತದೆ ಅಂತ ಊರಿಗೆ ಮುಂಚೆಯೇ ಗೊತ್ತಾಗಬೇಕು. ಸಭೆ ಆದಮೇಲೆ ಏನು ತೀರ್ಮಾನ ಆಯಿತು ಅಂತಲೂ ಗೊತ್ತಾಗಬೇಕು. ಈಗ ಎರಡೂ ಗೊತ್ತಾಗುತ್ತಿಲ್ಲ. ಗಲಾಟೆ ಆದರೆ ಮಾತ್ರ ಸುದ್ದಿ. ಮಾರನೇ ದಿನ ಪೇಪರಿನಲ್ಲಿ ಯಾರು ಯಾರಿಗೆ ಬೈದರು ಅನ್ನೋದು ದೊಡ್ಡದಾಗಿ ಬರುತ್ತದೆ, ಯಾವ ವಿಷಯಕ್ಕೆ ಬೈದರು ಅನ್ನೋದು ಎರಡು ಸಾಲಿನಲ್ಲಿ ಮುಗಿದುಹೋಗಿರುತ್ತದೆ.

ಸಂತೆಯ ಮಾತು ಹೇಳುತ್ತೇನೆ, ಯಾಕೆಂದರೆ ನನಗೆ ಈ ವಿಷಯ ಹತ್ತಿಕೊಂಡಿದ್ದೇ ಅಲ್ಲಿ. ನಮ್ಮ ಸಂತೆಗೆ ಸುತ್ತಲ ಹಳ್ಳಿಗಳಿಂದ ಸೊಪ್ಪು ತರುವ ಹೆಂಗಸರು ನಿಮಗೂ ಗೊತ್ತು. ಬೆಳಗಿನ ಮೊದಲ ಬಸ್ಸಿಗೆ ಎರಡು ಮಂಕರಿ ಹಾಕಿಕೊಂಡು ಬಂದು, ಗೋಣಿತಾಟು ಹಾಸಿ, ದಂಟು, ಕೀರೆ, ಸಬ್ಬಸಿಗೆ ಜೋಡಿಸಿ ಕೂರುತ್ತಾರೆ. ನಾನು ಯಾವಾಗಲೂ ಒಬ್ಬ ಅಜ್ಜಿ ಹತ್ತಿರ ಸೊಪ್ಪು ತಗೊಳ್ಳುತ್ತೇನೆ. ಹೋದ ತಿಂಗಳು ಒಂದು ಸಂತೆಯ ದಿನ ಅವರಿಗೆ ಇನ್ನೂ ಬೋಣಿ ಆಗಿರಲಿಲ್ಲ, ಸುಂಕದ ಹುಡುಗ ಬಂದು ನಿಂತ. ಮಂಕರಿ ಎರಡು ಇದ್ದಾವೆ, ಎರಡು ಸುಂಕ ಕೊಡಿ ಅಂದ. ಅಜ್ಜಿ ಒಂದೇ ತಾಟಿನ ಮೇಲೆ ಕೂತಿದ್ದಾರೆ. ಹೋದ ವಾರ ಒಂದಕ್ಕೇ ತಾನೇ ಕೊಟ್ಟಿದ್ದು ಅಂದರು. ಅದಕ್ಕೆ ಅವನು, "ಈ ಸಲ ಹರಾಜು ಜಾಸ್ತಿಗೆ ಹೋಗದೆ ಕಣಮ್ಮೋ, ನಾವೇನ್ ಮಾಡವ" ಅಂದ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಕೊಟ್ಟರು.

ಅವನು ಕೊಟ್ಟ ಚೀಟಿಯನ್ನು ನಾನು ಇಸಕೊಂಡು ನೋಡಿದೆ. ಗುಲಾಬಿ ಬಣ್ಣದ ತೆಳು ಕಾಗದ. ಮೇಲೆ ಒಂದು ನಂಬರು, ಕೆಳಗೆ ದಿನಾಂಕ ಅಂತ ಇದೆ, ದಿನಾಂಕ ಬರೆದಿಲ್ಲ. ರೂ. ಅಂತ ಇದೆ, ಮುಂದೆ ಖಾಲಿ. ಪುರಸಭೆಯ ಮೊಹರು ಇಲ್ಲ. ಆ ಚೀಟಿ ಹಿಡಿದುಕೊಂಡು ಅಜ್ಜಿ ಎಲ್ಲಿಗೆ ಹೋಗಿ ಏನು ಅಂತ ಕೇಳಬೇಕು, ನೀವೇ ಹೇಳಿ.

ಸಂತೆಯಲ್ಲಿ ಸುಂಕ ಎತ್ತುವ ಗುತ್ತಿಗೆಯನ್ನು ಪುರಸಭೆ ಹರಾಜು ಹಾಕುತ್ತದೆ. ಆ ಹರಾಜು ಜಾಸ್ತಿಗೆ ಹೋದರೆ ಅದು ಹರಾಜು ಕೂಗಿದವರ ಲೆಕ್ಕ. ಒಂದು ಮಂಕರಿಗೆ ಇಷ್ಟು, ಒಂದು ಗಾಡಿಗೆ ಇಷ್ಟು ಅಂತ ದರ ಗೊತ್ತು ಮಾಡುವುದು ನಿಮ್ಮ ಸಭೆ. ಗುತ್ತಿಗೆದಾರರು ಹೆಚ್ಚಿಗೆ ಕೂಗಿದರು ಅಂತ ಆ ದರ ತಾನಾಗಿ ಮೇಲೇಳುವುದಿಲ್ಲ. ಆದರೆ ಅಜ್ಜಿಗೆ ಆ ದರ ಎಷ್ಟು ಅಂತ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ, ಪಕ್ಕದಲ್ಲಿ ಈರುಳ್ಳಿ ಹಾಕಿಕೊಂಡಿದ್ದವರಿಗೂ ಗೊತ್ತಿಲ್ಲ, ಸುಂಕ ಎತ್ತುವ ಹುಡುಗನಿಗಾದರೂ ಗೊತ್ತಿತ್ತೋ ಇಲ್ಲವೋ. ಇಡೀ ಸಂತೆಮಾಳದಲ್ಲಿ ಎಲ್ಲೂ ಒಂದು ಬೋರ್ಡಿಲ್ಲ.

ಕಚೇರಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದವರು ಒರಟಾಗಿ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ಕಡತ ಕಂದಾಯ ಶಾಖೆಯಲ್ಲಿದೆ, ಅವರು ರಜೆ, ನೀವು ಒಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿಬಿಡಿ ಅಂದರು. ಹಾಕಬಹುದು. 10 ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದ ನಿಯಮದಂತೆ 150 ಪದ ಮೀರದ ಅರ್ಜಿ, ಒಂದು ಅರ್ಜಿಗೆ ಒಂದೇ ವಿಷಯ, ಉತ್ತರಕ್ಕೆ 30 ದಿನ. ಆ 30 ದಿನದಲ್ಲಿ ನಾಲ್ಕು ಸಂತೆ ಕಳೆದಿರುತ್ತವೆ. ಸೊಪ್ಪು ಮಾರುವವರು ತಮ್ಮ ಕೈಯಿಂದ ಹೋಗುವ ಹತ್ತಿಪ್ಪತ್ತು ರೂಪಾಯಿ ಸರಿಯೋ ತಪ್ಪೋ ಅಂತ ತಿಳಿಯಲು ಅರ್ಜಿ ಬರೆದು ತಿಂಗಳು ಕಾಯಬೇಕಾ? ಇದು ಆಗುವ ಮಾತಲ್ಲ.

ಇಷ್ಟಕ್ಕೂ ಮಾಹಿತಿ ಹಕ್ಕು ಅಂದರೆ ಬರೀ ಅರ್ಜಿ ಹಾಕುವುದಲ್ಲ. 2005ರ ಆ ಕಾಯ್ದೆಯ 4ನೇ ಸೆಕ್ಷನ್ ಒಮ್ಮೆ ತೆಗೆಸಿ ನೋಡಿ. ಯಾರೂ ಕೇಳದೆಯೇ ಕಚೇರಿ ತಾನಾಗಿ ಏನೇನು ಪ್ರಕಟಿಸಬೇಕು ಅಂತ ಅಲ್ಲಿ ಒಂದು ಪಟ್ಟಿಯೇ ಇದೆ. ಅದರಲ್ಲಿ ಸಭೆ, ಸಮಿತಿಗಳ ಮಾತೂ ಇದೆ. ಸಭೆಗೆ ಸಾರ್ವಜನಿಕರು ಬರಬಹುದೋ ಇಲ್ಲವೋ, ಸಭೆಯ ನಡಾವಳಿ ಅವರಿಗೆ ನೋಡಲು ಸಿಗುತ್ತದೋ ಇಲ್ಲವೋ, ಇದನ್ನು ಕಚೇರಿಯೇ ಹೇಳಬೇಕು. ಕಾಯ್ದೆ ಬಂದು ಇಪ್ಪತ್ತು ವರ್ಷ ಆಯಿತು. ನಮ್ಮ ಪುರಸಭೆಯಲ್ಲಿ ಈ ಪ್ರಶ್ನೆಗೆ ಉತ್ತರ ಏನು ಅಂತ ಯಾವ ಗೋಡೆಯ ಮೇಲೂ ನಾನು ನೋಡಿಲ್ಲ.

ಗೋಡೆ ಅಂದ ಮೇಲೆ ನಿಮ್ಮ ಕಚೇರಿ ಬಾಗಿಲ ಪಕ್ಕದ ನೋಟಿಸ್ ಬೋರ್ಡ್ ಬಗ್ಗೆಯೂ ಹೇಳಿಬಿಡುತ್ತೇನೆ. ಗಾಜಿನ ಬಾಗಿಲು, ಅದಕ್ಕೊಂದು ಬೀಗ. ಒಳಗೆ ಒಂದರ ಮೇಲೊಂದು ಅಂಟಿಸಿದ ಹಾಳೆಗಳು, ಮೇಲಿನದು ಟೆಂಡರ್ ಪ್ರಕಟಣೆ, ಅದರ ಕೆಳಗೆ ಯಾವುದೋ ಹಳೇ ಮತದಾರರ ಪಟ್ಟಿಯ ಅಂಚು ಕಾಣುತ್ತದೆ. ಸಭೆಯ ತಿಳುವಳಿಕೆ ಪತ್ರ ಅಲ್ಲಿ ಇರಲಿಲ್ಲ. ಅದು ಸದಸ್ಯರ ಮನೆಗೆ ಮಾತ್ರ ಹೋಗುತ್ತದೆ. ನಮ್ಮ ವಾರ್ಡಿನ ಸದಸ್ಯರು ಒಳ್ಳೆಯವರು, ಕೇಳಿದಾಗ ಒಂದು ಪ್ರತಿ ತೋರಿಸಿದರು.

ಅದನ್ನು ಓದಿ ನನಗೆ ಆದ ಸಂಕಟ ಹೇಳುತ್ತೇನೆ. ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು, ಜಮಾ ಖರ್ಚು ಅನುಮೋದಿಸುವುದು, ಇವೆಲ್ಲ ಸರಿ, ಇರಬೇಕಾದದ್ದೇ. ಆಮೇಲೆ ಬರುವ ವಿಷಯಗಳಲ್ಲಿ ಅರ್ಧಕ್ಕರ್ಧ "ಘಟನೋತ್ತರ ಮಂಜೂರಾತಿ". ಮೋಟಾರು ರಿಪೇರಿ ಆಗಿದೆ, ಪೈಪು ಕೊಂಡಿದ್ದಾಗಿದೆ, ಚರಂಡಿ ಹೂಳು ತೆಗೆಸಿದ್ದಾಗಿದೆ, ಈಗ ಬಿಲ್ಲಿಗೆ ಸಭೆ ಹೂಂ ಅನ್ನಬೇಕು. ಬೇಸಿಗೆಯಲ್ಲಿ ನೀರಿನ ಮೋಟಾರು ಸುಟ್ಟರೆ ಸಭೆ ಸೇರುವವರೆಗೆ ಕಾಯಲು ಆಗಲ್ಲ, ಒಪ್ಪುತ್ತೇನೆ. ಆದರೆ ಚರಂಡಿ ಹೂಳು ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ತೆಗೆಸುವ ಕೆಲಸ. ಅದು ಯಾಕೆ ತುರ್ತು ಆಗುತ್ತದೆ? ಇಂಥ ವಿಷಯವನ್ನು ಮುಂಚೆ ಸಭೆಗೆ ತಂದು, ಯಾವ ಬೀದಿ, ಎಷ್ಟು ಉದ್ದ, ಎಷ್ಟು ಹಣ ಅಂತ ಬರೆದರೆ ಆ ಬೀದಿಯವರೇ ಕೆಲಸ ಆಯಿತೋ ಇಲ್ಲವೋ ನೋಡಿ ಹೇಳುತ್ತಾರೆ. ನಿಮಗೆ ಪುಕ್ಕಟೆ ಮೇಲ್ವಿಚಾರಣೆ ಸಿಕ್ಕಿದ ಹಾಗಾಯಿತು.

ಸುಂಕದ ವಿಷಯ ಆ ಪತ್ರದಲ್ಲಿ ಒಂದೇ ಸಾಲು. ಸಂತೆ ಸುಂಕ, ದಿನವಹಿ ಮಾರುಕಟ್ಟೆ, ಬಸ್ ನಿಲ್ದಾಣದ ಶೌಚಾಲಯ ಇವುಗಳ ಹರಾಜು ಬಗ್ಗೆ ಚರ್ಚಿಸಿ ತೀರ್ಮಾನಿಸುವುದು. ಮೂರೂ ಒಂದೇ ಸಾಲಿನಲ್ಲಿ! ದರ ಎಷ್ಟು ಅಂತ ಇಲ್ಲ, ಹೋದ ವರ್ಷ ಎಷ್ಟಕ್ಕೆ ಹೋಗಿತ್ತು ಅಂತ ಇಲ್ಲ, ಹೋದ ವರ್ಷದವರು ಪೂರ್ತಿ ಕಟ್ಟಿದರೋ ಬಾಕಿ ಉಳಿಸಿಕೊಂಡರೋ ಅಂತಲೂ ಇಲ್ಲ. ಇದನ್ನು ಓದಿಕೊಂಡು ಬಂದ ಸದಸ್ಯರು ತಾನೇ ಏನು ಚರ್ಚಿಸುತ್ತಾರೆ?

ಪುರಸಭೆ ಬಾಡಿಗೆಗೆ ಕೊಟ್ಟ ಮಳಿಗೆಗಳದ್ದೂ ಇದೇ ಕಥೆ. 12 ವರ್ಷದ ಅವಧಿ ಮುಗಿದ ಮಳಿಗೆಗಳು ಯಾವುವು, ಬಾಡಿಗೆ ಬಾಕಿ ಎಷ್ಟು, ಯಾರು ಒಳಬಾಡಿಗೆಗೆ ಕೊಟ್ಟಿದ್ದಾರೆ ಅನ್ನೋದು ಊರಿನ ಟೀ ಅಂಗಡಿಗಳಲ್ಲಿ ಎಲ್ಲರ ಬಾಯಲ್ಲಿದೆ, ಕಾಗದದ ಮೇಲೆ ಮಾತ್ರ ಇಲ್ಲ. ಅದರ ಬಗ್ಗೆ ಬೇರೆ ಪತ್ರವೇ ಬರೆಯಬೇಕು, ಇಲ್ಲಿ ಬಿಡುತ್ತೇನೆ.

ಮುಂಚೆ ಹೇಳಿದರೆ ಗಲಾಟೆ ಜಾಸ್ತಿ ಆಗುತ್ತದೆ ಅಂತ ಕೆಲವು ಸದಸ್ಯರು ಅನ್ನುತ್ತಾರಂತೆ. ಆಗಬಹುದು. ಸುಂಕದ ದರ ಬೋರ್ಡಿಗೆ ಬರೆದರೆ ಮೊದಲ ಸಂತೆಯಲ್ಲೇ ಎಷ್ಟು ಜನ ಜಗಳಕ್ಕೆ ನಿಲ್ಲುತ್ತಾರೋ. ಆದರೆ ಆ ಜಗಳ ಈಗಲೂ ಇದೆ, ಪ್ರತಿ ವಾರ ಇದೆ, ಸೊಪ್ಪಿನವರಿಗೂ ಸುಂಕದವರಿಗೂ ನಡುವೆ ನಡೆಯುತ್ತದೆ, ಪ್ರತಿ ಸಲವೂ ಸೋಲುವವರು ಒಬ್ಬರೇ. ಬೋರ್ಡು ಇದ್ದರೆ ಕೊನೇಪಕ್ಷ ಬೆರಳು ಮಾಡಿ ತೋರಿಸಲು ಒಂದು ಜಾಗ ಇರುತ್ತದೆ.

ಬೀದಿ ವ್ಯಾಪಾರಿಗಳಿಗೆ ಅಂತಲೇ 2014ರಲ್ಲಿ ಒಂದು ಕಾಯ್ದೆ ಬಂದಿದೆ. ಪಟ್ಟಣ ವ್ಯಾಪಾರ ಸಮಿತಿ ಅಂತ ಇರಬೇಕು, ಅದರಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಷ್ಟು ಮಂದಿ ವ್ಯಾಪಾರಿಗಳೇ ಆಗಿರಬೇಕು, ಆ ವ್ಯಾಪಾರಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ನಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ಸಂತೆಯಲ್ಲಿ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಸುಂಕದ ದರ ಮಾಡುವಾಗ ಸುಂಕ ಕೊಡುವವರನ್ನು ಒಂದು ಮಾತು ಕೇಳಿ. ಅವರು ಸುಂಕವೇ ಬೇಡ ಅನ್ನುವವರಲ್ಲ. ಆ ಅಜ್ಜಿ ನನಗೆ ಹೇಳಿದ್ದು ಬೇರೆ. ಸುಂಕ ಕೊಡೋಣವಂತೆ, ಆದರೆ ಒಂದು ನಲ್ಲಿ ಹಾಕಿಸಲಿ, ಮಧ್ಯಾಹ್ನ ಸೊಪ್ಪಿಗೆ ಚಿಮುಕಿಸಲು ನೀರಿಲ್ಲದೆ ಬಾಡಿಹೋಗುತ್ತದೆ ಅಂದರು. ಇನ್ನೊಂದು ಮಾತು ಮೆಲ್ಲಗೆ ಹೇಳಿದರು. ಬೆಳಿಗ್ಗೆಯಿಂದ ಸಂಜೆವರೆಗೆ ಕೂರುವ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ, ಯಾಕೆಂದರೆ ಸಂತೆಮಾಳದಲ್ಲಿ ಅವರಿಗೆ ಹೋಗಲು ಜಾಗ ಇಲ್ಲ. ನೀವೂ ಹೆಣ್ಣುಮಗಳು, ಇದನ್ನು ಇನ್ನೂ ಬಿಡಿಸಿ ಹೇಳುವುದಿಲ್ಲ.

ಹಣ ಇಲ್ಲ ಅಂತ ಹೇಳಬೇಡಿ ಅಧ್ಯಕ್ಷರೇ. ಸಂತೆಯ ಹರಾಜಿನ ಹಣ ಪುರಸಭೆಯ ಸ್ವಂತ ಹಣ. ಅದರ ಮೇಲೆ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗವನ್ನು ಕುಡಿಯುವ ನೀರು, ನೈರ್ಮಲ್ಯ, ಕಸ ಇವಕ್ಕೇ ಖರ್ಚು ಮಾಡಬೇಕು ಅಂತ ಕಟ್ಟುಪಾಡಿತ್ತು. ಒಂದು ನಲ್ಲಿ, ಒಂದು ಹೆಂಗಸರ ಶೌಚಾಲಯ ಅದರಲ್ಲಿ ಬರುವ ಕೆಲಸವೇ ಅಲ್ವಾ? ಆ ಹಣ ಖರ್ಚು ಮಾಡಲು ಪುರಸಭೆ ಮಾಡಿದ ಕ್ರಿಯಾ ಯೋಜನೆಗಳಲ್ಲಿ ಸಂತೆಮಾಳದ ಹೆಸರು ಒಂದು ಸಲವಾದರೂ ಬಂತಾ ಅಂತ ನೋಡಬೇಕೆಂದಿದ್ದೇನೆ. ನೋಡಲು ಸಿಕ್ಕಿದರೆ.

ನಿಮ್ಮ ಕಷ್ಟವೂ ಗೊತ್ತಿದೆ. ರಾಜ್ಯದಲ್ಲಿ 2018ರಲ್ಲಿ ಚುನಾವಣೆ ಆದ ಎಷ್ಟೋ ಪುರಸಭೆ, ನಗರಸಭೆಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯ ಗೊಂದಲಕ್ಕೆ ಸಿಕ್ಕಿ 2020ರವರೆಗೂ ಅಧ್ಯಕ್ಷರೇ ಇರಲಿಲ್ಲ. ಗೆದ್ದ ಸದಸ್ಯರು ಮನೆಯಲ್ಲಿ ಕೂತಿದ್ದರು, ಅಧಿಕಾರಿಗಳು ಆಡಳಿತ ನಡೆಸಿದರು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದದ್ದೇ ಊರಿನ ಆಡಳಿತ ಊರವರ ಕೈಯಲ್ಲಿ ಇರಲಿ ಅಂತ. ಅದು ಆ ಎರಡು ವರ್ಷ ಹೇಗೆ ನಿಂತುಹೋಯಿತು ಅಂತ ಊರುಗಳಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತು ಹೇಳಿ? ಬೀದಿಗೆ ಇಳಿದು ಕೇಳಿದವರು ತೀರಾ ಕಡಿಮೆ. ಸಭೆಯಲ್ಲಿ ಏನು ನಡೆಯುತ್ತದೆ ಅಂತಲೇ ಗೊತ್ತಿಲ್ಲದವರಿಗೆ ಸಭೆ ನಡೆಯುತ್ತಿಲ್ಲ ಅನ್ನೋದು ಹೇಗೆ ಗೊತ್ತಾಗಬೇಕು. ನಿಮ್ಮ ಅಧಿಕಾರ ಗಟ್ಟಿ ಆಗಬೇಕಾದರೂ ಊರು ನಿಮ್ಮ ಸಭೆಯನ್ನು ನೋಡುತ್ತಿರಬೇಕು, ನನಗೆ ಹಾಗನ್ನಿಸುತ್ತದೆ.

ಈಗ ನಾನು ಕೇಳುವುದಕ್ಕೆ ಹೊಸ ಕಾನೂನು ಬೇಡ, ಬೆಂಗಳೂರಿನ ಅನುಮತಿ ಬೇಡ. ಸದಸ್ಯರಿಗೆ ತಿಳುವಳಿಕೆ ಪತ್ರ ಕಳಿಸುವ ದಿನವೇ ಅದರ ಒಂದು ಪ್ರತಿ ನೋಟಿಸ್ ಬೋರ್ಡಿಗೆ, ಒಂದು ಪ್ರತಿ ಗ್ರಂಥಾಲಯಕ್ಕೆ ಹೋಗಲಿ. ಆಸ್ತಿ ತೆರಿಗೆ ಜೊತೆ ನಾವು ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ, ಅಲ್ಲಿ ಪೇಪರು ಓದಲು ಬರುವ ಹಿರಿಯರು ಇದನ್ನೂ ಓದುತ್ತಾರೆ. ನಡಾವಳಿ ಬರೆದು ಸಹಿ ಆದ ಮೇಲೆ ಅದನ್ನೂ ಹಾಗೇ ಮಾಡಿ. ಪ್ರತಿ ವಿಷಯದ ಕೆಳಗೆ ಹಣ ಎಷ್ಟು, ಯಾವ ಬೀದಿ ಅಂತ ಇರಲಿ. ಸದಸ್ಯರಲ್ಲಿ ಯಾರು ಬೇಡ ಅಂದರು ಅನ್ನೋದೂ ಇರಲಿ, ಎಲ್ಲವೂ ಸರ್ವಾನುಮತ ಅಂತ ಬರೆದುಬಿಟ್ಟರೆ ಮಾತಾಡಿದವರ ಶ್ರಮ ನೀರಲ್ಲಿ ಹೋಮ ಮಾಡಿದಂತೆ. ಸಭೆಯ ಹಾಲ್‌ನಲ್ಲಿ ಹಿಂದೆ ನಾಲ್ಕು ಕುರ್ಚಿ ಹಾಕಿಸಿ, ಊರವರು ಬಂದು ಸುಮ್ನೆ ಕೂತು ಕೇಳಿಕೊಂಡು ಹೋಗಲಿ. ಯಾರೂ ಬರದಿದ್ದರೂ ಕುರ್ಚಿ ಇರಲಿ.

ಸಂತೆ ಸುಂಕದ ಬೋರ್ಡು ಮಾತ್ರ ಮುಂದಿನ ಸಭೆಗೂ ಕಾಯಬೇಕಾಗಿಲ್ಲ. ದರ ಆಗಲೇ ತೀರ್ಮಾನ ಆಗಿದೆ, ಕಡತದಲ್ಲಿದೆ. ಮುಖ್ಯಾಧಿಕಾರಿಗಳಿಗೆ ನೀವು ಒಂದು ಮಾತು ಹೇಳಿದರೆ ಆಗುವ ಕೆಲಸ. ಸಂತೆಮಾಳದ ಎರಡೂ ಬಾಗಿಲಲ್ಲಿ, ದೊಡ್ಡ ಅಕ್ಷರದಲ್ಲಿ, ಮಂಕರಿಗೆ ಎಷ್ಟು, ತಾಟಿಗೆ ಎಷ್ಟು, ಗಾಡಿಗೆ ಎಷ್ಟು, ಜಾಸ್ತಿ ಕೇಳಿದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಬರೆಸಿ. ಓದಲು ಬಾರದವರೂ ಇದ್ದಾರೆ, ಹಾಗಾಗಿ ಸಂತೆ ದಿನ ಕಸದ ಆಟೋದ ಮೈಕಿನಲ್ಲಿ ಒಂದು ಸಲ ಕೂಗಿಸಿ. ಚೀಟಿಯಲ್ಲಿ ಮೊತ್ತ ಅಚ್ಚಾಗಿರಲಿ, ಪುರಸಭೆಯ ಮೊಹರು ಇರಲಿ. ಬೋರ್ಡು ಬರೆಸುವ ಖರ್ಚು ನಮ್ಮ ಬೀದಿಯವರು ಕೊಡಲು ತಯಾರಿದ್ದೇವೆ, ಪೇಂಟರನ್ನೂ ಮಾತಾಡಿದ್ದೇನೆ. ದರದ ಪಟ್ಟಿಗೆ ಸಹಿ ಹಾಕಿ ನೀವು ಕೊಡಬೇಕು, ಅದೊಂದನ್ನು ನಾವು ಮಾಡಲು ಬರುವುದಿಲ್ಲ.

ಈ ವಾರದೊಳಗೆ ಕಚೇರಿಗೆ ಬಂದು ನಿಮ್ಮನ್ನು ಕಾಣುತ್ತೇನೆ. ಪತ್ರದ ಒಂದು ಪ್ರತಿಯನ್ನು ಟಪಾಲು ಶಾಖೆಗೆ ಕೊಟ್ಟು ಸ್ವೀಕೃತಿ ತಗೊಂಡಿದ್ದೇನೆ.

ಇಂತಿ,
ನಿಮ್ಮ ಊರಿನ ಒಬ್ಬ ತೆರಿಗೆದಾರ